ಗ್ಯಾಸ್ ತುಂಬಿಸುವ ಮೊದಲು ಹಿಂದಿನ ಪ್ಯಾನಲ್ ತೆಗೆದು ನೋಡಿ: ಕೆಳಗೆ ಫ್ರೀಜರ್ ಇರುವ ಫ್ರಿಜ್‌ನ ರಿಪೇರಿ, ನನ್ನ ಅನುಭವ

ಮೇಲೆ ಇಟ್ಟ ಹಾಲು ಒಡೆಯುತ್ತದೆ. ದೋಸೆ ಹಿಟ್ಟು ಬೆಳಗಾಗುವುದರೊಳಗೆ ಹುಳಿ ಬಂದು ಪಾತ್ರೆಯಿಂದ ಉಕ್ಕಿರುತ್ತದೆ. ಕೆಳಗೆ ಫ್ರೀಜರ್‌ನಲ್ಲಿರುವ ಬಂಗುಡೆ ಮೀನು ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಕೆಳಗೆ ಫ್ರೀಜರ್, ಮೇಲೆ ಫ್ರಿಜ್ ಇರುವ ಮಾಡೆಲ್‌ನಲ್ಲಿ ಇದು ತುಂಬಾ ಸಾಮಾನ್ಯ ತೊಂದರೆ. ಉಡುಪಿಯ ನಮ್ಮ ಮನೆಯಲ್ಲಿ ಇದು ಶುರುವಾದದ್ದು ಜೋರು ಮಳೆಗಾಲದಲ್ಲಿ. ನೋಡಲು ಬಂದ ಮೆಕ್ಯಾನಿಕ್ ಬಾಗಿಲು ತೆಗೆದು ಒಳಗೆ ಕೈಯಿಟ್ಟು, "ಗ್ಯಾಸ್ ಹೋಗಿದೆ ಮಾರಾಯ್ರೇ, ತುಂಬಿಸಬೇಕು" ಅಂದರು. ಫ್ರೀಜರ್‌ನ ಹಿಂದಿನ ಪ್ಯಾನಲ್ಲನ್ನು ಅವರು ಬಿಚ್ಚಲೇ ಇಲ್ಲ. ಗ್ಯಾಸ್ ಅಂದರೆ ಪೈಪ್‌ಗಳಲ್ಲಿ ಸುತ್ತುತ್ತಾ ಫ್ರಿಜ್ಜನ್ನು ತಣ್ಣಗೆ ಮಾಡುವ ಅನಿಲ. ಅದು ಹೋಗಿದ್ದರೆ ಫ್ರೀಜರ್ ಕೂಡ ಸೋಲಬೇಕಲ್ವಾ? ಅದಕ್ಕೇ ನಾನು ಗ್ಯಾಸ್ ತುಂಬಿಸಲು ಒಪ್ಪಲಿಲ್ಲ.

ಈ ಫ್ರಿಜ್ ಹೇಗೆ ತಣ್ಣಗಾಗುತ್ತದೆ ಅಂತ ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆ. ನಮ್ಮದರಲ್ಲಿ ತಂಪು ಹುಟ್ಟುವ ಕಾಯಿಲ್ ಒಂದೇ. ಅದು ಫ್ರೀಜರ್‌ನ ಹಿಂಗೋಡೆಯ ಪ್ಯಾನಲ್ ಒಳಗಡೆ ಇದೆ. ಅದರ ಮೇಲೊಂದು ಸಣ್ಣ ಫ್ಯಾನ್. ಆ ಫ್ಯಾನ್ ತಣ್ಣನೆಯ ಗಾಳಿಯನ್ನು ಫ್ರೀಜರ್‌ಗೂ ಬಿಡುತ್ತದೆ, ಒಂದು ದಾರಿಯ ಮೂಲಕ ಮೇಲಿನ ಭಾಗಕ್ಕೂ ದೂಡುತ್ತದೆ. ತಣ್ಣನೆಯ ಗಾಳಿ ಭಾರ, ತಾನಾಗಿಯೇ ಮೇಲೆ ಏರುವುದಿಲ್ಲ. ಆದ್ದರಿಂದ ಫ್ಯಾನ್ ನಿಂತರೆ, ಅಥವಾ ಕಾಯಿಲ್ ಸುತ್ತ ಐಸ್ ಕಟ್ಟಿ ಗಾಳಿಯ ದಾರಿ ಮುಚ್ಚಿದರೆ, ಮೊದಲು ಸೋಲುವುದು ಮೇಲಿನ ಭಾಗ. ಕಾಯಿಲ್ ಪಕ್ಕದಲ್ಲೇ ಇರುವ ಫ್ರೀಜರ್ ಇನ್ನೂ ಕೆಲವು ದಿನ ಗಟ್ಟಿಯಾಗಿಯೇ ಇರುತ್ತದೆ.

ಫ್ಯಾನ್ ಪರೀಕ್ಷೆ ಸುಲಭ. ಬಾಗಿಲು ತೆಗೆದರೆ ಸಾಮಾನ್ಯವಾಗಿ ಫ್ಯಾನ್ ನಿಲ್ಲುತ್ತದೆ. ಬಾಗಿಲ ಚೌಕಟ್ಟಿನಲ್ಲಿರುವ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು ಕಿವಿಗೊಟ್ಟರೆ, ಕಂಪ್ರೆಸರ್ (ಗ್ಯಾಸನ್ನು ಒತ್ತಿ ಓಡಿಸುವ ಹಿಂದಿನ ಮೋಟಾರ್) ಓಡುತ್ತಿರುವಾಗ ಫ್ಯಾನ್ ಸದ್ದು ಕೇಳಬೇಕು. ನಮ್ಮದರಲ್ಲಿ ಕರಕರ ಅಂತ ಸದ್ದು ಬರುತ್ತಿತ್ತು. ಅಂದರೆ ಫ್ಯಾನ್ ತಿರುಗುತ್ತಿದೆ, ಆದರೆ ರೆಕ್ಕೆಗೆ ಐಸ್ ತಾಗುತ್ತಿದೆ.

ಬಿಚ್ಚುವ ಮೊದಲು ಎರಡು ವಿಷಯ. ವಾರಂಟಿ ಕಾರ್ಡ್ ತೆಗೆದು ನೋಡಿ, ಅವಧಿ ಉಳಿದಿದ್ದರೆ ಬಿಚ್ಚಲೇಬೇಡಿ. ಇಲ್ಲವಾದರೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೆಯ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್‌ಗೆ ಹಾಕಿರುವುದೂ ಉಂಟು, ಆಗ ಆಫ್ ಮಾಡಿದರೂ ಒಳಗಿನ ವೈರ್‌ನಲ್ಲಿ ಕರೆಂಟ್ ಇರುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ನೆಲ ಒಣಗಿರಲಿ.

ಮೀನು, ಮಾಂಸವನ್ನೆಲ್ಲ ಪಕ್ಕದ ಮನೆಯವರ ಫ್ರೀಜರ್‌ಗೆ ಸಾಗಿಸಿ ಡ್ರಾಯರ್‌ಗಳನ್ನು ಹೊರಗೆ ಎಳೆದೆ. ಪ್ಯಾನಲ್‌ಗೆ ಕೆಲವೇ ಸ್ಕ್ರೂ, ಉಳಿದದ್ದು ಪ್ಲಾಸ್ಟಿಕ್ ಕ್ಲಿಪ್. ಆದರೆ ಐಸ್ ಅದನ್ನು ಹಿಂದಿನಿಂದ ಹಿಡಿದುಕೊಂಡಿತ್ತು. ಇಲ್ಲಿ ಎಳೆದಾಡಬಾರದು. ತಣ್ಣಗಿರುವ ಪ್ಲಾಸ್ಟಿಕ್ ಬೇಗ ಒಡೆಯುತ್ತದೆ, ಪ್ಯಾನಲ್ ಹಿಂದೆ ಫ್ಯಾನ್‌ನ ವೈರ್ ಬೇರೆ ಇರುತ್ತದೆ. ಒಳಗೆ ಬಿಸಿನೀರಿನ ಪಾತ್ರೆ ಇಟ್ಟು ಬಾಗಿಲು ಮುಚ್ಚಿ, ಬಿಸಿನೀರಲ್ಲಿ ಹಿಂಡಿದ ಬೈರಾಸನ್ನು (ಟವೆಲ್) ಪ್ಯಾನಲ್ ಮೇಲೆ ಒತ್ತಿ ಕಾದೆ. ನಿಧಾನವಾಗಿ ಬಿಟ್ಟುಕೊಂಡಿತು.

ಈಗ ನೋಡಬೇಕಾದದ್ದು ಐಸ್ ಕಟ್ಟಿರುವ ರೀತಿ. ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಗ್ಯಾಸ್ ಕಡಿಮೆಯಾಗಿದ್ದರೆ ಕಾಯಿಲ್‌ನ ಒಂದು ಮೂಲೆಯಲ್ಲಿ, ಗ್ಯಾಸ್ ಒಳಬರುವ ಕಡೆ ಮಾತ್ರ ಐಸ್ ಇರುತ್ತದೆ. ಉಳಿದ ಕಾಯಿಲ್ ಬರಿದಾಗಿ ಕಾಣುತ್ತದೆ. ಇಡೀ ಕಾಯಿಲ್ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಬಿಳಿ ಐಸ್‌ನಲ್ಲಿ ಹೂತುಹೋಗಿದ್ದರೆ ಗ್ಯಾಸ್ ಸರಿಯಾಗಿಯೇ ಇದೆ. ಕೆಟ್ಟಿರುವುದು ಐಸ್ ಕರಗಿಸುವ ವ್ಯವಸ್ಥೆ, ಅಂದರೆ ಡಿಫ್ರಾಸ್ಟ್. ನಮ್ಮದು ಎರಡನೆಯ ಥರ. ಕಾಯಿಲ್‌ನ ತೆಳು ಅಲ್ಯೂಮಿನಿಯಂ ಪಟ್ಟಿಗಳು (ಫಿನ್) ಕಾಣುತ್ತಲೇ ಇರಲಿಲ್ಲ.

ಆ ಐಸನ್ನು ಚಾಕು, ಸ್ಕ್ರೂಡ್ರೈವರ್‌ನಿಂದ ಕೆತ್ತಲು ಹೋಗಬೇಡಿ. ಕಾಯಿಲ್ ಮೆತ್ತನೆಯ ಅಲ್ಯೂಮಿನಿಯಂ. ಒಂದು ತೂತು ಬಿದ್ದರೆ ಅಲ್ಲಿಗೆ ನಿಜವಾಗಿಯೂ ಗ್ಯಾಸ್ ಹೋಗುತ್ತದೆ. ಟೇಬಲ್ ಫ್ಯಾನನ್ನು ಎದುರಿಗೆ ಇಟ್ಟು, ಕೆಳಗೆ ಹಳೆ ಬಟ್ಟೆ ಹಾಸಿ, ಪೂರ್ತಿ ಕರಗಲು ಬಿಟ್ಟೆ.

ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ಕಾಯಿಲ್ ಕೆಳಗೆ ಒಂದು ಹೀಟರ್ ಇರುತ್ತದೆ. ಆಗಾಗ ಕಂಪ್ರೆಸರ್ ನಿಂತು ಈ ಹೀಟರ್ ಉರಿದು ಐಸ್ ಕರಗಿಸುತ್ತದೆ. ಹಳೆಯ ಮಾಡೆಲ್‌ಗಳಲ್ಲಿ ಇದಕ್ಕೊಂದು ಟೈಮರ್, ಹೊಸದರಲ್ಲಿ ಎಲೆಕ್ಟ್ರಾನಿಕ್ ಬೋರ್ಡ್. ಹೀಟರ್‌ನ ಸಾಲಿನಲ್ಲೇ ಇನ್ನೆರಡು ಬಿಡಿಭಾಗ ಇರುತ್ತವೆ. ಒಂದು ಬೈಮೆಟಲ್: ತುಂಬಾ ತಣ್ಣಗಿದ್ದಾಗ ಕರೆಂಟ್ ಬಿಡುತ್ತದೆ, ಬಿಸಿಯಾದಾಗ ಕತ್ತರಿಸುತ್ತದೆ. ಇನ್ನೊಂದು ಥರ್ಮಲ್ ಫ್ಯೂಸ್: ಬಿಸಿ ಮಿತಿ ಮೀರಿದರೆ ಸುಟ್ಟು ಹೋಗಿ ಬೆಂಕಿ ತಪ್ಪಿಸುತ್ತದೆ. ಈ ಸಾಲಿನಲ್ಲಿ ಯಾವುದು ಕೆಟ್ಟರೂ ಹೀಟರ್ ಉರಿಯುವುದಿಲ್ಲ.

ಇದಕ್ಕೆ ಬೇಕಾದದ್ದು ಒಂದು ಸಾದಾ ಮಲ್ಟಿಮೀಟರ್. ಹೀಟರ್‌ನ ಕನೆಕ್ಟರ್ ಬಿಡಿಸಿ ಓಮ್ಸ್‌ನಲ್ಲಿ ಇಟ್ಟು ನೋಡಿದೆ. ಲೆಕ್ಕ ಸರಳ: 230 ವೋಲ್ಟ್‌ನಲ್ಲಿ 200 ವಾಟ್ ಹೀಟರ್ ಆದರೆ ಸುಮಾರು 265 ಓಮ್ಸ್ ತೋರಿಸಬೇಕು, 150 ವಾಟ್ ಆದರೆ ಸುಮಾರು 350. ನಮ್ಮದು ಈ ಎರಡರ ನಡುವೆ ಇತ್ತು, ಹೀಟರ್ ಸರಿ. ಆಮೇಲೆ ಮೀಟರನ್ನು ಬೀಪ್ ಕೊಡುವ ಸೆಟ್ಟಿಂಗ್‌ಗೆ ತಿರುಗಿಸಿದೆ, ಕರೆಂಟ್ ಹಾಯುವ ದಾರಿ ಇದ್ದರೆ ಬೀಪ್ ಬರುತ್ತದೆ. ಥರ್ಮಲ್ ಫ್ಯೂಸ್‌ಗೆ ಬೀಪ್ ಬಂತು, ಅದೂ ಸರಿ.

ಬೈಮೆಟಲ್ ವಿಷಯದಲ್ಲಿ ಸ್ವಲ್ಪ ಜಾಗ್ರತೆ. ಮನೆಯ ಬಿಸಿಯಲ್ಲಿ ಅದನ್ನು ಪರೀಕ್ಷಿಸಿದರೆ ಬೀಪ್ ಬರುವುದೇ ಇಲ್ಲ, ಯಾಕೆಂದರೆ ಆ ಬಿಸಿಯಲ್ಲಿ ಅದು ಕರೆಂಟ್ ಕತ್ತರಿಸಿರಲೇಬೇಕು. ಇಷ್ಟು ನೋಡಿ 'ಬೈಮೆಟಲ್ ಹೋಗಿದೆ' ಅಂತ ಒಳ್ಳೆಯದನ್ನೇ ಎಸೆಯುವವರಿದ್ದಾರೆ. ಅದನ್ನು ತಣ್ಣಗೆ ಮಾಡಿ ನೋಡಬೇಕು. ಬರೀ ಐಸ್ ಸಾಲದು. ಪುಡಿ ಮಾಡಿದ ಐಸ್‌ಗೆ ಧಾರಾಳವಾಗಿ ಉಪ್ಪು ಬೆರೆಸಿದರೆ ಮೈನಸ್ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಬೈಮೆಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ವೈರ್ ಹೊರಗಿಟ್ಟು, ಆ ಉಪ್ಪಿನ ಐಸ್‌ನಲ್ಲಿ ಹೂತಿಟ್ಟೆ. ಎಷ್ಟು ಹೊತ್ತಾದರೂ ಮೀಟರ್ ಬೀಪ್ ಅನ್ನಲಿಲ್ಲ. ಕೆಟ್ಟದ್ದು ಅದೇ ಅಂತ ಖಚಿತವಾಯಿತು. ಕೆಲವು ಹೊಸ ಮಾಡೆಲ್‌ಗಳಲ್ಲಿ ಬೈಮೆಟಲ್ ಬದಲು ಸೆನ್ಸರ್ ಇರುತ್ತದೆ. ತಣ್ಣಗಾದಂತೆ ಅದರ ಓಮ್ಸ್ ಏರಬೇಕು. ಏರದೆ ನಿಂತಲ್ಲೇ ನಿಂತರೆ ಸೆನ್ಸರ್ ಹೋಗಿದೆ ಅಂತ ಅರ್ಥ.

ಫ್ರಿಜ್ ಒಳಗೋಡೆಯ ಸ್ಟಿಕ್ಕರ್‌ನ ಫೋಟೋ ತೆಗೆದುಕೊಂಡು, ಹಳೆಯದನ್ನೂ ಜೊತೆಗಿಟ್ಟುಕೊಂಡು ಸ್ಪೇರ್ಸ್ ಅಂಗಡಿಗೆ ಹೋದೆ. ಮಾಡೆಲ್ ನಂಬರ್ ಇಲ್ಲದೆ ಸುಮ್ನೆ ಹೋದರೆ ಸರಿಯಾದದ್ದು ಸಿಗುವುದಿಲ್ಲ. ಅದಕ್ಕೆ ಕೊಟ್ಟ ಹಣ ಗ್ಯಾಸ್ ತುಂಬಿಸಲು ಕೇಳಿದ್ದರ ಒಂದು ಸಣ್ಣ ಪಾಲು. ಜೋಡಿಸುವಾಗ ವೈರ್‌ಗಳನ್ನು ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಬೇಡಿ, ಅಲ್ಲಿ ದಿನವೂ ನೀರು ಹರಿಯುತ್ತದೆ. ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್-ಶ್ರಿಂಕ್ ಟ್ಯೂಬ್ ಏರಿಸಿದೆ. ಮತ್ತೊಂದು ಮಾತು: ಥರ್ಮಲ್ ಫ್ಯೂಸ್ ಸುಟ್ಟಿದ್ದರೆ ಅದನ್ನು ನೇರ ವೈರ್ ಮಾಡಲು ಯಾರೇ ಹೇಳಿದರೂ ಕೇಳಬೇಡಿ. ಹೀಟರ್ ನಿಲ್ಲದೆ ಉರಿದರೆ ಸುತ್ತಲಿರುವುದೆಲ್ಲ ಪ್ಲಾಸ್ಟಿಕ್ ಮತ್ತು ಫೋಮ್.

ಇಷ್ಟಕ್ಕೆ ಮುಚ್ಚಿಬಿಡಬಹುದಿತ್ತು. ಆದರೆ ಕಾಯಿಲ್ ಕೆಳಗಿನ ತೊಟ್ಟಿಯಲ್ಲಿ ಇನ್ನೊಂದು ಐಸ್ ಗಡ್ಡೆ ಕೂತಿತ್ತು. ಕರಗಿದ ನೀರು ಅಲ್ಲಿನ ತೂತಿನಿಂದ ಹಿಂದಕ್ಕೆ ಹರಿದು, ಕಂಪ್ರೆಸರ್ ಮೇಲಿನ ಟ್ರೇಗೆ ಬಿದ್ದು, ಅದರ ಬಿಸಿಗೆ ಆವಿಯಾಗಬೇಕು. ಮೇಲೆ ಫ್ರೀಜರ್ ಇರುವ ಫ್ರಿಜ್‌ನಲ್ಲಿ ನೀರು ಎತ್ತರದಿಂದ ಸಲೀಸಾಗಿ ಇಳಿಯುತ್ತದೆ. ಇಲ್ಲಿ ಕಾಯಿಲ್ ಇರುವುದೇ ಕೆಳಗೆ. ಪೈಪ್ ಗಿಡ್ಡ, ಇಳಿಜಾರು ಕಡಿಮೆ. ಒಂದು ಅನ್ನದ ಅಗುಳು ಸಿಕ್ಕಿಕೊಂಡರೂ ನೀರು ನಿಂತು ಹೆಪ್ಪುಗಟ್ಟುತ್ತದೆ. ಆಮೇಲೆ ಪ್ರತಿ ಸಲ ಕರಗಿದ ನೀರು ಫ್ರೀಜರ್ ತಳಕ್ಕೆ ಹರಿದು ಐಸ್ ಹಾಳೆಯಾಗುತ್ತದೆ, ಕೆಳಗಿನ ಡ್ರಾಯರ್ ಪೂರ್ತಿ ಒಳಗೆ ಹೋಗುವುದಿಲ್ಲ. ಬಾಗಿಲು ಕೂದಲೆಳೆಯಷ್ಟು ತೆರೆದುಕೊಂಡೇ ಉಳಿಯುತ್ತದೆ. ಆ ಸಂದಿಯಿಂದ ತೇವದ ಗಾಳಿ ಒಳಬಂದು ಮತ್ತಷ್ಟು ಐಸ್.

ಸೂಜಿ ತೆಗೆದ ದೊಡ್ಡ ಸಿರಿಂಜಿಗೆ ಮೆತ್ತನೆಯ ಟ್ಯೂಬ್ ಸಿಕ್ಕಿಸಿ, ಅಡುಗೆ ಸೋಡಾ ಹಾಕಿದ ಬಿಸಿನೀರನ್ನು ತೂತಿಗೆ ಬಿಟ್ಟೆ. ಹಿಂದಿನ ಟ್ರೇಗೆ ನೀರು ಬೀಳುವ ಸದ್ದು ಕೇಳುವವರೆಗೂ ಬಿಡಬೇಕು. ಪೈಪ್‌ನ ಹೊರತುದಿಯಲ್ಲಿ ಒಂದು ರಬ್ಬರ್ ಬಾಯಿ ಇತ್ತು. ಅದರೊಳಗೆ ಲೋಳೆ ಕಟ್ಟಿತ್ತು. ಕಿತ್ತು ತೊಳೆದು ಮತ್ತೆ ಹಾಕಿದೆ.

ಮತ್ತೆ ಹೆಪ್ಪುಗಟ್ಟದಂತೆ ಇನ್ನೊಂದು ಕೆಲಸ ಮಾಡಿದೆ. ಹೀಟರ್‌ಗೆ ತಾಗುವಂತೆ ಒಂದು ದಪ್ಪ ತಂತಿ ಬಗ್ಗಿಸಿ, ಅದರ ತುದಿಯನ್ನು ತೂತಿನೊಳಗೆ ಇಳಿಬಿಟ್ಟೆ. ಹೀಟರ್ ಉರಿದಾಗ ಬಿಸಿ ತಂತಿಯ ಮೂಲಕ ಪೈಪಿನ ಬಾಯಿಗೂ ತಲುಪುತ್ತದೆ. ಇದಕ್ಕೆ ತಾಮ್ರದ ತಂತಿ ಹಾಕುವವರೇ ಜಾಸ್ತಿ. ನಾನು ಹಾಕಿದ್ದು ಸಿಪ್ಪೆ ಸುಲಿದ ಅಲ್ಯೂಮಿನಿಯಂ ಸರ್ವಿಸ್ ವೈರ್. ತಾಮ್ರ ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ಕಾಯಿಲ್ ಅಲ್ಲೇ ಪಕ್ಕದಲ್ಲಿರುವಾಗ ಆ ಅಪಾಯ ಯಾಕೆ? ನಮ್ಮದು ಲೋಹದ ಕೊಳವೆಯ ಹೀಟರ್ ಆದ್ದರಿಂದ ಇದನ್ನು ಮಾಡಿದೆ. ಗಾಜಿನ ಕೊಳವೆಯ ಹೀಟರ್ ಇದ್ದರೆ ಮಾಡಬೇಡಿ. ವೈರ್ ಜೋಡಣೆಗಳ ಹತ್ತಿರವೂ ತಂತಿ ಸುಳಿಯಬಾರದು.

ಹಿಂದಿನ ಟ್ರೇ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅಲ್ಲಿ ನಿಲ್ಲುವುದು ಸ್ವಚ್ಛ ನೀರು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಅಂಗಳದ ತೆಂಗಿನ ಚಿಪ್ಪು, ಟಯರ್ ಎಲ್ಲ ಬೋರಲು ಹಾಕುವ ನಾವು ಫ್ರಿಜ್ ಹಿಂದೆ ಬಗ್ಗಿ ನೋಡುವುದಿಲ್ಲ. ವಾರಕ್ಕೊಮ್ಮೆ ಆ ಟ್ರೇಯ ನೀರನ್ನು ಬಟ್ಟೆಯಲ್ಲಿ ಹೀರಿ, ಒಳಬದಿಯನ್ನು ತಿಕ್ಕಿ ಒರೆಸಿ. ಮೊಟ್ಟೆ ಅಂಟಿರುವುದು ಟ್ರೇಯ ಒಳಬದಿಗೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಕಂಪ್ರೆಸರ್ ಬಿಸಿ ಇರುತ್ತದೆ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ.

ಕರಾವಳಿಯ ಮಳೆಗಾಲದಲ್ಲಿ ಫ್ರಿಜ್‌ಗೆ ದೊಡ್ಡ ಶತ್ರು ಗಾಳಿಯ ತೇವ. ಬಾಗಿಲು ತೆಗೆದಷ್ಟೂ ಅದು ಒಳಗೆ ಹೋಗಿ ಕಾಯಿಲ್ ಮೇಲೆ ಐಸಾಗುತ್ತದೆ. ಹಾಗಾಗಿ ಬಾಗಿಲ ರಬ್ಬರ್ ಗ್ಯಾಸ್ಕೆಟ್ ಚೆನ್ನಾಗಿರಬೇಕು. ಒಂದು ನೋಟನ್ನು ಬಾಗಿಲಲ್ಲಿ ಸಿಕ್ಕಿಸಿ ಎಳೆದು ನೋಡುತ್ತೇನೆ, ನಾಲ್ಕೂ ಬದಿಯಲ್ಲಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಮಡಿಕೆಗಳಲ್ಲಿನ ಕಪ್ಪು ಬೂಷ್ಟನ್ನು ಸೋಪಿನ ಉಗುರುಬೆಚ್ಚಗಿನ ನೀರು, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಸೊಟ್ಟಗಾದ ಕಡೆ ಹೇರ್ ಡ್ರೈಯರ್‌ನಲ್ಲಿ ಮೆಲ್ಲಗೆ ಬಿಸಿ ಮಾಡಿ ನೆಟ್ಟಗೆ ಮಾಡಬಹುದು. ಹರಿದಿದ್ದರೆ ಹೊಸದೇ ಬೇಕು. ಫ್ರಿಜ್‌ನ ಮುಂದಿನ ಕಾಲನ್ನು ತುಸು ಎತ್ತರಿಸಿಡಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಮೇಲಿನ ಭಾಗದ ಹಿಂಗೋಡೆಯಲ್ಲಿರುವ ಗಾಳಿಯ ಕಿಂಡಿಗಳಿಗೆ ಅಡ್ಡವಾಗಿ ಪಾತ್ರೆ ಇಡಬೇಡಿ. ನಮ್ಮಲ್ಲಿ ದೋಸೆ ಹಿಟ್ಟಿನ ದೊಡ್ಡ ಪಾತ್ರೆ ಸರಿಯಾಗಿ ಅಲ್ಲೇ ಕೂರುತ್ತಿತ್ತು. ಅಮ್ಮನಿಗೆ ತೋರಿಸಿ ಜಾಗ ಬದಲಿಸಿದೆ. ಡಿಸ್‌ಪ್ಲೇಯ ಅಂಕಿ ನಂಬುವುದಕ್ಕಿಂತ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಬಿಟ್ಟು ನೋಡುವುದು ಒಳ್ಳೆಯದು. ಮೇಲೆ 3 ರಿಂದ 4 ಡಿಗ್ರಿ, ಫ್ರೀಜರ್ ಮೈನಸ್ 18 ಇದ್ದರೆ ಸರಿ. ಕರೆಂಟ್ ಹೋಗಿ ಬಂದರೆ ಐದು ನಿಮಿಷ ಬಿಟ್ಟು ಫ್ರಿಜ್ ಹಾಕಿ, ಕಂಪ್ರೆಸರ್‌ನ ಒತ್ತಡ ಇಳಿಯಲು ಅಷ್ಟು ಸಮಯ ಬೇಕು.

ಗ್ಯಾಸ್ ಪೈಪ್‌ಗಳಿಗೆ ಮಾತ್ರ ನಾನು ಕೈ ಹಾಕುವುದಿಲ್ಲ, ನೀವೂ ಹಾಕಬೇಡಿ. ಈಗಿನ ಹೆಚ್ಚಿನ ಫ್ರಿಜ್‌ಗಳಲ್ಲಿರುವುದು ಆರ್600ಎ, ಅಂದರೆ ಐಸೋಬ್ಯುಟೇನ್. ಅದು ಬೆಂಕಿ ಹೊತ್ತಿಕೊಳ್ಳುವ ಗ್ಯಾಸ್. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಫ್ರಿಜ್‌ನ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ. ಇನ್ವರ್ಟರ್ ಕಂಪ್ರೆಸರ್‌ನ ಬೋರ್ಡನ್ನೂ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಕಾಯಿಲ್‌ನ ಒಂದು ಮೂಲೆಗೆ ಮಾತ್ರ ಐಸ್ ಕಟ್ಟಿದ್ದು ಕಂಡರೆ ತರಬೇತಿ ಇರುವವರನ್ನೇ ಕರೆಸಿ. ಬಂದವರನ್ನು ಕೇಳಿ: ಲೀಕ್ ಎಲ್ಲಿದೆ, ನೈಟ್ರೋಜನ್ ಒತ್ತಡ ಕೊಟ್ಟು ಪರೀಕ್ಷಿಸುತ್ತೀರಾ, ಫಿಲ್ಟರ್ ಬದಲಿಸುತ್ತೀರಾ, ಪೈಪ್ ಒಳಗಿನ ಗಾಳಿಯನ್ನು ಹೀರಿ ತೆಗೆದು ವ್ಯಾಕ್ಯೂಮ್ ಮಾಡುತ್ತೀರಾ, ಗ್ಯಾಸನ್ನು ತೂಕದ ಲೆಕ್ಕದಲ್ಲಿ ಹಾಕುತ್ತೀರಾ. ಲೀಕ್ ಮುಚ್ಚದೆ ಬರೀ ಗ್ಯಾಸ್ ತುಂಬಿಸಿದರೆ ಅದೇ ತೂತಿನಿಂದ ಅದೂ ಹೋಗುತ್ತದೆ.