ನಾಲ್ಕು ಅಡಿ ಟ್ಯಾಂಕಿಗೆ ಸೆವೆರಮ್ ಮೀನು: ನನ್ನ ಅನುಭವ

ನಮ್ಮ ಮನೆಯ ಮೀನಿನ ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ 210 ಲೀಟರ್ ಉಳಿಯುತ್ತದೆ. ತಂದ ದಿನ ಹಾಲ್‌ನಲ್ಲಿ ಬಹಳ ದೊಡ್ಡದಾಗಿ ಕಂಡಿತ್ತು. ಆದರೆ ಸಿಕ್ಲಿಡ್ ಅನ್ನುವ ಕುಟುಂಬದ ದೊಡ್ಡ ಮೀನುಗಳಿಗೆ ಇದು ದೊಡ್ಡ ಟ್ಯಾಂಕ್ ಅಲ್ಲ. ಅದು ನನಗೆ ಗೊತ್ತಾಗಿದ್ದು ಆಸ್ಕರ್ ಅನ್ನುವ ಸಿಕ್ಲಿಡ್ ಸಾಕಿದ ಮೇಲೆ.

ಎರಡು ಇಂಚಿನ ಎರಡು ಆಸ್ಕರ್ ಮರಿ ತಂದಿದ್ದೆ. ಮೊದಲ ಕೆಲವು ತಿಂಗಳು ತಿಂಗಳಿಗೆ ಹೆಚ್ಚುಕಡಿಮೆ ಒಂದು ಇಂಚು ಬೆಳೆದವು. ಎಂಟು ತಿಂಗಳಿಗೆ ಎಂಟು ಇಂಚು ದಾಟಿದವು. ನಾನು ಆಫೀಸಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದವು. ಅಷ್ಟು ಗುರುತು ಹಿಡಿಯುವ ಮೀನು ನಾನು ಬೇರೆ ನೋಡಿಲ್ಲ. ಆದರೆ ಆಸ್ಕರ್ ಪೂರ್ತಿ ಬೆಳೆದರೆ 12 ಇಂಚು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಟ್ಯಾಂಕಿನ ಅಗಲ 18 ಇಂಚು. ಮೀನು ತಿರುಗುವಾಗ ಮೂತಿ ಒಂದು ಗಾಜಿಗೆ, ಬಾಲ ಇನ್ನೊಂದು ಗಾಜಿಗೆ ತಾಕುವ ದಿನ ದೂರ ಇರಲಿಲ್ಲ.

ನೀರಿನದ್ದು ಇನ್ನೊಂದು ಕಷ್ಟ. ಭಾನುವಾರ ಅರ್ಧ ನೀರು ಬದಲಾಯಿಸಿ ನೋಡಿದರೆ, ಮೀನಿನ ಕೊಳೆಯಿಂದ ನೀರಿಗೆ ಸೇರುವ ನೈಟ್ರೇಟ್ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ). ಶುಕ್ರವಾರಕ್ಕೆ 80. ದೊಡ್ಡ ಮೀನಿನ ಹಣೆಯಲ್ಲಿ ಸಣ್ಣ ಗುಳಿಗಳು ಬಂದವು. ತಲೆಯಲ್ಲಿ ತೂತು ಬೀಳುವ ಈ ಕಾಯಿಲೆಗೆ ಕಾರಣ ಒಂದೇ ಅಲ್ಲ, ಆದರೆ ಕೊಳಕು ನೀರಿದ್ದ ಕಡೆ ಅದು ಜಾಸ್ತಿ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಟ್ಯಾಂಕ್ ಇರುವ ಗೆಳೆಯರಿಗೆ ಎರಡನ್ನೂ ಕೊಟ್ಟೆ. ಅಲ್ಲಿ ಗುಳಿಗಳು ನಿಧಾನಕ್ಕೆ ಮುಚ್ಚಿಕೊಂಡವು.

ಇಲ್ಲೊಂದು ಮಾತು. ಬೆಳೆದ ಮೀನನ್ನು ಕೆರೆಗೆ ಬಿಡಬೇಡಿ, ದಯವಿಟ್ಟು. ನಾವು ಜಿಲೇಬಿ ಮೀನು ಅನ್ನುವ ತಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ. 1952ರಲ್ಲಿ ಭಾರತಕ್ಕೆ ತಂದ ಮೀನು ಇವತ್ತು ಕಾವೇರಿಯಲ್ಲಿ, ಊರೂರ ಕೆರೆಗಳಲ್ಲಿ ತುಂಬಿಕೊಂಡಿದೆ. ನಮ್ಮ ನೆಲದ್ದೇ ಸಿಕ್ಲಿಡ್ ಒಂದಿದೆ, ಎಟ್ರೋಪ್ಲಸ್ ಕೆನರೆನ್ಸಿಸ್. ದಕ್ಷಿಣ ಕನ್ನಡದ ನದಿಗಳ ಮೀನು. ಅಳಿವಿನಂಚಿನಲ್ಲಿದೆ. ಹಿಡಿದು ತಂದದ್ದು ಮಾರಾಟಕ್ಕೆ ಸಿಕ್ಕರೂ ನಾನು ಕೊಳ್ಳುವುದಿಲ್ಲ.

ಎರಡನೇ ಸಲ ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಟ್ಯಾಂಕಿನ ಅಗಲ ಮತ್ತೆ ಅಳೆದೆ. ಪೂರ್ತಿ ಬೆಳೆದ ಮೀನು ಅಗಲದ ಅರ್ಧ ಮೀರಬಾರದು ಅಂತ ನನಗೆ ನಾನೇ ಗೆರೆ ಹಾಕಿಕೊಂಡೆ. ನನ್ನ ಲೆಕ್ಕದಲ್ಲಿ 9 ಇಂಚು. ಈ ಗೆರೆಗೆ ಆಸ್ಕರ್, ಟೆಕ್ಸಾಸ್, ರೆಡ್ ಡೆವಿಲ್, ಜಾಗ್ವಾರ್ ಎಲ್ಲ ಹೊರಗೆ ಬಿದ್ದವು. ಫ್ಲವರ್‌ಹಾರ್ನ್ ಬೆಳೆಯುವುದೂ ದೊಡ್ಡದಾಗಿ, ಟ್ಯಾಂಕಿನಲ್ಲಿ ಒಂಟಿಯಾಗಿಯೇ ಇರಬೇಕು. ನನಗೆ ಜೋಡಿ ನೋಡುವ ಆಸೆ. ಗ್ರೀನ್ ಟೆರರ್ ಗಂಡು ತುಂಬಾ ಚೆಂದ. ಅದರ ಜೊತೆ ಬೇರೆ ಮೀನು ನೆಮ್ಮದಿಯಾಗಿ ಬದುಕುತ್ತದೆ ಅನ್ನುವ ಧೈರ್ಯ ಬರಲಿಲ್ಲ. ಉಳಿದದ್ದು ಆರು ಇಂಚಿನ ಫೈರ್‌ಮೌತ್, ಅಷ್ಟೇ ಉದ್ದದ ಬ್ಲೂ ಅಕಾರಾ, ಎಂಟು ಇಂಚಿನ ಸೆವೆರಮ್.

ಈ ಮೂರರಲ್ಲಿ ಯಾವುದು ಅಂತ ಹೇಳಿದ್ದು ನಮ್ಮ ನೀರು. ನಾವಿರುವುದು ಬೆಂಗಳೂರಿನಲ್ಲಿ. ವಾರಕ್ಕೆ ಎರಡು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಾಕಿ ನೋಡಿದೆ. ಕಾವೇರಿ 180, ಬೋರ್ 750. ಒಂದೇ ನಲ್ಲಿಯಲ್ಲಿ ಎರಡು ಬೇರೆ ನದಿಗಳು ಬಂದಂತೆ! ಫೈರ್‌ಮೌತ್ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಸುಣ್ಣಕಲ್ಲಿನ ನೆಲದ ಮೀನು, ಗಡಸು ನೀರೇ ಅದಕ್ಕೆ ಹಿತ. ಸೆವೆರಮ್ ಅಮೆಜಾನ್ ಕಡೆಯದು, ಮೆದು ನೀರಿಗೆ ಹುಟ್ಟಿದ್ದು. ಫಾರ್ಮ್‌ನಲ್ಲಿ ಬೆಳೆದ ಮರಿಗಳು ಸ್ವಲ್ಪ ಗಡಸನ್ನೂ ತಡೆದುಕೊಳ್ಳುತ್ತವೆ. ಯಾವುದೇ ಮೀನಿಗೂ ಆಗದಿರುವುದು ಒಂದು ವಾರ ಹೀಗೆ, ಇನ್ನೊಂದು ವಾರ ಹಾಗೆ ಅನ್ನುವ ಬದಲಾವಣೆ. ಹಾಗಾಗಿ 200 ಲೀಟರಿನ ಡ್ರಮ್ ತಂದೆ. ಕಾವೇರಿ ಬಂದ ದಿನ ಅದನ್ನು ತುಂಬಿಸಿ, ಕ್ಲೋರಿನ್ ಹೋಗಲು ಥಯೋಸಲ್ಫೇಟ್ ಹಾಕಿ, ಒಂದು ರಾತ್ರಿ ಗಾಳಿ ಬಿಡುತ್ತೇನೆ. ಭಾನುವಾರ ಅದರಲ್ಲಿ ಅರ್ಧ ಟ್ಯಾಂಕಿಗೆ. ಡ್ರಮ್ ಇಡಲು ಜಾಗ ಇಲ್ಲದೆ ಬರೀ ಬೋರ್ ನೀರು ಇದ್ದಿದ್ದರೆ ಕಣ್ಣು ಮುಚ್ಚಿ ಫೈರ್‌ಮೌತ್ ತರುತ್ತಿದ್ದೆ.

ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಿದೆ. ನನ್ನೆದುರು ಊಟ ಹಾಕಲು ಹೇಳಿದೆ. ಮುನ್ನುಗ್ಗಿ ತಿಂದವು ಯಾವುವು, ಮೂಲೆಯಲ್ಲಿ ನಿಂತವು ಯಾವುವು ಅಂತ ಗಮನಿಸಿದೆ. ಹೊಟ್ಟೆ ಒಳಗೆ ಹೋಗಿರಬಾರದು, ಕಿವಿರಿನ ಮುಚ್ಚಳ ಸರಿಯಾಗಿ ಮುಚ್ಚಬೇಕು, ಬಿಳಿ ದಾರದಂತೆ ಹಿಕ್ಕೆ ನೇತಾಡುತ್ತಿರಬಾರದು. ಎರಡಿಂಚಿನ ಗೋಲ್ಡ್ ಸೆವೆರಮ್ ನಾಲ್ಕು ತಂದೆ. ಮರಿಗಳಲ್ಲಿ ಗಂಡು ಹೆಣ್ಣು ಹೇಳುವುದು ಕಷ್ಟ, ಅವೇ ಜೋಡಿ ಆರಿಸಿಕೊಳ್ಳಲಿ ಅಂತ. ಜೊತೆಗೆ ಪಾಚಿ ತಿನ್ನುವ ಸಕ್ಕರ್ ಮೀನು ಕೊಡ್ತೀನಿ ಅಂದರು. ಬೇಡ ಅಂದೆ. ಅದು ಒಂದೂವರೆ ಅಡಿವರೆಗೆ ಬೆಳೆಯುತ್ತದೆ, ಆಸ್ಕರ್‌ಗಿಂತ ಉದ್ದ. ಅದರ ಬದಲು ಐದು ಇಂಚು ದಾಟದ ಬ್ರಿಸಲ್‌ನೋಸ್ ಅನ್ನುವ ಚಿಕ್ಕ ಸಕ್ಕರ್ ಒಂದು ತಂದೆ.

ಹನ್ನೊಂದು ತಿಂಗಳಿಗೆ ಎರಡು ಮೀನು ಬಲಭಾಗದ ಮೂಲೆ ಹಿಡಿದು ಉಳಿದ ಎರಡನ್ನು ಅಟ್ಟಲು ಶುರು ಮಾಡಿದವು. ಅಟ್ಟಿಸಿಕೊಂಡ ಎರಡನ್ನು ಅದೇ ವಾರ ಬೇರೆ ಮನೆಗೆ ಕೊಟ್ಟೆ. ತಡ ಮಾಡಿದ್ದರೆ ರೆಕ್ಕೆ ಉಳಿಯುತ್ತಿರಲಿಲ್ಲ.

ಸೆವೆರಮ್‌ಗೆ ಸೊಪ್ಪು ತರಕಾರಿ ಬೇಕು. ಪೆಲೆಟ್ ಜೊತೆಗೆ ವಾರಕ್ಕೆ ಎರಡು ಸಲ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಒಮ್ಮೆ ಬಿಸಿನೀರಿನಲ್ಲಿ ಅದ್ದಿದ ಪಾಲಕ್. ಗಿಡ ನೆಟ್ಟರೆ ಅದನ್ನೂ ತಿನ್ನುತ್ತವೆ, ಹಾಗಾಗಿ ಮರದ ಬೇರು, ಕಲ್ಲು ಮಾತ್ರ ಇಟ್ಟಿದ್ದೇನೆ. ಕಡಪ ಕಲ್ಲು ಹಾಕಲಿಲ್ಲ. ಅದು ಸುಣ್ಣಕಲ್ಲು, ಮೆದು ನೀರನ್ನು ಗಡಸು ಮಾಡುತ್ತದೆ. ಮನೆ ಕಟ್ಟುವಾಗ ಉಳಿದಿದ್ದ ಗ್ರಾನೈಟ್ ಚೂರನ್ನು ಚೆನ್ನಾಗಿ ತೊಳೆದು ಮಲಗಿಸಿದೆ. ಡಿಸೆಂಬರ್ ರಾತ್ರಿಗಳಿಗೆ 200 ವಾಟ್ ಹೀಟರ್ ಇದೆ, 27 ಡಿಗ್ರಿಗೆ ಇಟ್ಟಿದ್ದೇನೆ.

ಈಗ ಎರಡು ವರ್ಷ ಆಯಿತು. ಗಂಡು ಏಳು ಇಂಚು, ಹೆಣ್ಣು ಸ್ವಲ್ಪ ಚಿಕ್ಕದು. ನೈಟ್ರೇಟ್ ಶನಿವಾರಕ್ಕೂ 30 ದಾಟುವುದಿಲ್ಲ. ಹೋದ ವಾರ ಆ ಗ್ರಾನೈಟ್ ಚೂರನ್ನು ಎರಡೂ ಸೇರಿ ಬಾಯಲ್ಲೇ ಉಜ್ಜಿ ತೊಳೆದು ಮೊಟ್ಟೆ ಇಟ್ಟವು. ಇದು ಮೂರನೇ ಸಲ. ಮೊದಲ ಎರಡು ಸಲದ ಮೊಟ್ಟೆ ಬೆಳ್ಳಗಾಗಿ ಹೋಗಿದ್ದವು. ಈ ಸಲ ಬಹುಪಾಲು ಹಾಗೇ ಉಳಿದು ಒಡೆದು ಮರಿಯಾದವು. ಹೆಣ್ಣು ರೆಕ್ಕೆಯಿಂದ ನೀರು ಬೀಸುತ್ತಾ ಕಲ್ಲಿನ ಮೇಲೇ ನಿಂತಿರುತ್ತದೆ. ಗಂಡು ಎಡಗಡೆ ಕಾವಲು. ಟ್ಯಾಂಕಿನ ಆ ಕಡೆಗೆ ಬಟ್ಟೆ ಇಳಿಬಿಟ್ಟಿದ್ದೇವೆ, ಲೈಟ್ ಹಾಕುವಾಗಲೂ ನಿಧಾನ. ಮರಿಗಳು ಈಜಲು ಶುರು ಮಾಡಿದ ದಿನಕ್ಕೆ ಅಂತ ಅವುಗಳ ಊಟಕ್ಕೆ ಆರ್ಟೀಮಿಯಾ ಅನ್ನುವ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆ ತಂದು ಫ್ರಿಜ್‌ನಲ್ಲಿಟ್ಟಿದ್ದೇನೆ.