ಶಿರಸಿ ಮಳೆಗೆ ತಕ್ಕ ಗ್ರಾವೆಲ್ ಸೈಕಲ್: ನಾನು ಆರಿಸಿ ಜೋಡಿಸಿದ ಬಗೆ

ಗ್ರಾವೆಲ್ ಸೈಕಲ್, ಅಂದರೆ ಡಾಂಬರು, ಮಣ್ಣು ರಸ್ತೆ ಎರಡಕ್ಕೂ ಆಗುವ ಸೈಕಲ್, ತಗೊಳ್ಳುವಾಗ ಹೆಚ್ಚಿನವರು ಮೊದಲು ತೂಕ ನೋಡುತ್ತಾರೆ, ಆಮೇಲೆ ಗೇರು, ಆಮೇಲೆ ಬಣ್ಣ. ಶಿರಸಿಯಲ್ಲಿರುವ ನಾನು ಮೊದಲು ನೋಡಿದ್ದು ಬೇರೆ. ನೀರು ಎಲ್ಲಿಂದ ಒಳಗೆ ಹೋಗುತ್ತದೆ, ಎಲ್ಲಿಂದ ಹೊರಗೆ ಬರುತ್ತದೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊಡೆಯುವ ಮಳೆಯನ್ನು ನಾನು ಬಣ್ಣಿಸಬೇಕಾಗಿಲ್ಲ. ಕಲ್ಲು ತಾಗಿ ಫ್ರೇಮು ಮುರಿದಿದ್ದನ್ನು ನಾನು ಈವರೆಗೆ ನೋಡಿಲ್ಲ. ನೀರು ಕೂತು ಬೇರಿಂಗು ಹೋಗಿದ್ದು, ಬೋಲ್ಟು ಕಚ್ಚಿಕೊಂಡಿದ್ದು, ಸೀಟ್‌ಪೋಸ್ಟು ಜಪ್ಪಯ್ಯ ಅಂದರೂ ಮೇಲೆ ಬರದೇ ಇದ್ದಿದ್ದು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ಅದಕ್ಕೇ ಜೋಡಿಸಿದ ಸೈಕಲ್ ಕೊಳ್ಳದೆ ಫ್ರೇಮು ಬೇರೆ, ಸಾಮಾನು ಬೇರೆ ತರಿಸಿ ಜಗುಲಿಯ ಮೇಲೆ ನಾನೇ ಜೋಡಿಸಿದೆ. ಇದರಿಂದ ಆದ ದೊಡ್ಡ ಲಾಭ ಅಂದರೆ, ಯಾವ ಬೋಲ್ಟು ಎಲ್ಲಿದೆ, ಯಾವುದಕ್ಕೆ ಎಷ್ಟು ಗ್ರೀಸು ಹಚ್ಚಿದ್ದೇನೆ ಅನ್ನುವುದು ನನಗೆ ಗೊತ್ತಿದೆ. ದೊಡ್ಡ ಸೈಕಲ್ ಅಂಗಡಿ ಬೇಕಂದರೆ ಹುಬ್ಬಳ್ಳಿಗೇ ಹೋಗಬೇಕು, ಸುಮಾರು 100 ಕಿ.ಮೀ. ಚಿಕ್ಕ ಕೆಲಸಕ್ಕೆಲ್ಲ ಅಲ್ಲಿಗೆ ಓಡಲು ಆಗುವುದಿಲ್ಲ, ಅಲ್ವಾ?

ಫ್ರೇಮು ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ) ಉಕ್ಕಿನದು. ಮಳೆ ಊರಲ್ಲಿ ಉಕ್ಕು ಯಾಕೆ ಅಂತ ಕೇಳುವವರೇ ಜಾಸ್ತಿ. ಕಾರ್ಬನ್ ಹಗುರ, ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ, ಎರಡೂ ಒಳ್ಳೆಯವೇ. ಆದರೆ ನನಗೆ ಬೇಕಿದ್ದ ಮೂರು ವಿಷಯ, ಅಂದರೆ ಅಗಲ ಟಯರಿಗೆ ಜಾಗ, ಮಡ್‌ಗಾರ್ಡು ಹಾಕಲು ತೂತು, ಥ್ರೆಡ್ ಇರುವ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ತಿರುಗುವ ಬೇರಿಂಗು), ನನ್ನ ಬಜೆಟ್‌ನಲ್ಲಿ ಒಟ್ಟಿಗೆ ಸಿಕ್ಕಿದ್ದು ಉಕ್ಕಿನ ಫ್ರೇಮಿನಲ್ಲಿ. ಉಕ್ಕು ಮೈ ನೋಯಿಸುವುದಿಲ್ಲ ಅನ್ನುವ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಮೈ ಉಳಿಸುವುದು ಮುಖ್ಯವಾಗಿ ಟಯರು ಮತ್ತು ಅದರ ಗಾಳಿ.

ಉಕ್ಕಿನ ಫ್ರೇಮಿಗೆ ತುಕ್ಕು ಬರುವುದು ಹೆಚ್ಚಾಗಿ ಒಳಗಿನಿಂದ. ಹೊರಗೆ ಪೇಂಟು ಇರುತ್ತದೆ, ಕೊಳವೆಯ ಒಳಗೆ ಹೆಚ್ಚಿನ ಫ್ರೇಮುಗಳಿಗೆ ಏನೂ ಇರುವುದಿಲ್ಲ. ಜೋಡಿಸುವ ಮೊದಲು ಕಾರಿನ ಬಾಗಿಲ ಒಳಗೆ ಹೊಡೆಯುವ ತುಕ್ಕು ತಡೆಯುವ ಮೇಣದ ಸ್ಪ್ರೇ ತಂದೆ. ಅದರ ಉದ್ದ ನಳಿಕೆಯನ್ನು ಸೀಟ್ ಟ್ಯೂಬು, ಹೆಡ್ ಟ್ಯೂಬು (ಹ್ಯಾಂಡಲ್ ಕೂರುವ ಮುಂದಿನ ಕೊಳವೆ), ಸಣ್ಣ ಗಾಳಿ ತೂತುಗಳು ಎಲ್ಲದರ ಒಳಗೂ ತೂರಿಸಿ ಹೊಡೆದು, ಫ್ರೇಮನ್ನು ತಲೆಕೆಳಗು, ಅಡ್ಡ, ನೆಟ್ಟಗೆ ತಿರುಗಿಸುತ್ತ ಹೋದೆ. ಬಾಟಮ್ ಬ್ರಾಕೆಟ್ ಚಿಪ್ಪಿನ ತಳದ ತೂತಿನಿಂದ ಕಂದು ಮೇಣ ಹನಿ ಹನಿಯಾಗಿ ಇಳಿದಾಗ ಒಳಗೆಲ್ಲ ಹರಡಿದೆ ಅಂತ ಸಮಾಧಾನವಾಯಿತು. ಆ ತೂತು ಬಹಳ ಮುಖ್ಯ. ಮೇಣ ಗಟ್ಟಿಯಾದ ಮೇಲೆ ಒಂದು ತಂತಿ ಹಾಕಿ ಅದನ್ನು ಬಿಡಿಸಿಟ್ಟೆ. ಸೀಟು ಹಿಡಿಯುವ ಕ್ಲಾಂಪಿನ ಕೆಳಗಿನ ಸೀಳು ನನ್ನ ಫ್ರೇಮಿನಲ್ಲಿ ಹಿಂದಕ್ಕೆ ಇದೆ, ಹಿಂದಿನ ಚಕ್ರದ ನೀರು ನೇರ ಅಲ್ಲಿಗೇ ಹಾರುತ್ತದೆ. ಚಕ್ರದ ಹಳೇ ರಬ್ಬರ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಕ್ಲಾಂಪಿನ ಮೇಲೆ ತೊಡಿಸಿದ್ದೇನೆ, ಅಷ್ಟೇ ಸಾಕು.

ಟಯರಿನ ಜಾಗದ ವಿಷಯದಲ್ಲಿ ಕಂಪನಿಯವರು ಬರೆದ ಅಂಕಿಯನ್ನು ನೋಡಿ ಸುಮ್ನೆ ಒಪ್ಪಬೇಡಿ. ಹೆಗ್ಗರಣೆ, ಉಂಚಳ್ಳಿ ಕಡೆಯ ಕೆಂಪು ಮಣ್ಣು ಮಳೆಯಲ್ಲಿ ಅಂಟು ಅಂಟಾಗಿ, ದರಕು (ಒಣಗಿದ ಎಲೆ) ಸೇರಿಸಿಕೊಂಡು ಚೈನ್‌ಸ್ಟೇ (ಹಿಂದಿನ ಚಕ್ರದ ಪಕ್ಕದ ಕೆಳಗಿನ ಕೊಳವೆ) ಹತ್ತಿರ ಗಟ್ಟಿಯಾಗಿ ಕೂರುತ್ತದೆ. 45 ಮಿ.ಮೀ. ಹಿಡಿಯುವ ಫ್ರೇಮಿಗೆ ನಾನು 700 ಅಳತೆಯ 40 ಮಿ.ಮೀ. ಟಯರು ಹಾಕಿದೆ. ಪರೀಕ್ಷೆ ಸುಲಭ: ಗಾಳಿ ತುಂಬಿದ ಟಯರಿಗೂ ಫ್ರೇಮಿಗೂ ನಡುವೆ 6 ಮಿ.ಮೀ. ಅಲನ್ ಕೀ ಎರಡೂ ಕಡೆ ತಾಗದೆ ಹೋಗಬೇಕು. ಫೋರ್ಕಿನ ಮೇಲ್ಭಾಗದಲ್ಲೂ ಇದೇ ಲೆಕ್ಕ. ಅಗಲವಾದ ರಿಮ್ಮಿನ ಮೇಲೆ ಟಯರು ಬರೆದ ಅಳತೆಗಿಂತ ಉಬ್ಬುತ್ತದೆ, ಅದನ್ನೂ ನೆನಪಿಡಿ.

ಸೈಜು ಆರಿಸುವಾಗ ಸೀಟ್ ಟ್ಯೂಬಿನ ಉದ್ದ ಬಿಟ್ಟು ಸ್ಟ್ಯಾಕ್ ಮತ್ತು ರೀಚ್ ನೋಡಿ. ಹ್ಯಾಂಡಲ್ ಎಷ್ಟು ಎತ್ತರ, ಎಷ್ಟು ದೂರ ಅನ್ನುವುದನ್ನು ಹೇಳುವುದು ಅವೆರಡೇ. ಸೀಟಿನ ಎತ್ತರಕ್ಕೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲಿನ ಸಂದಿಗೆ ದಪ್ಪ ಪುಸ್ತಕ ಒತ್ತಿ ಅಳೆದು, ಆ ಅಳತೆಯನ್ನು 0.883ರಿಂದ ಗುಣಿಸಿ ಶುರು ಮಾಡಿದೆ. ಬಾಟಮ್ ಬ್ರಾಕೆಟ್ ನಡುವಿನಿಂದ ಸೀಟಿನ ಮೇಲ್ಮೈಗೆ ಬರುವ ಅಳತೆ ಅದು. ಆಮೇಲೆ ಮಣ್ಣು ರಸ್ತೆಗೆ ಸ್ವಲ್ಪ ಇಳಿಸಿಕೊಂಡೆ.

ಬಾಟಮ್ ಬ್ರಾಕೆಟ್ ವಿಷಯದಲ್ಲಿ ನನ್ನದು ಒಂದೇ ಮಾತು, ಥ್ರೆಡ್ ಇರುವುದನ್ನೇ ತಗೊಳ್ಳಿ. ಒತ್ತಿ ಕೂರಿಸುವ ಜಾತಿಯದಕ್ಕೆ ನೀರು, ಮಣ್ಣು ಸೇರಿದರೆ ಕಿರ್ ಕಿರ್ ಶಬ್ದ ಶುರುವಾಗುತ್ತದೆ, ಅದನ್ನು ಬಿಚ್ಚಿ ಕೂರಿಸಲು ಬೇರೆಯೇ ಟೂಲು ಬೇಕು. ಥ್ರೆಡ್ ಇರುವ 68 ಮಿ.ಮೀ. ಚಿಪ್ಪಾದರೆ ಒಂದು ಪಾನಾ ಸಾಕು. ಚೈನು ಇರುವ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಟೈಟ್ ಆಗುತ್ತದೆ. ಇದು ಗೊತ್ತಿಲ್ಲದೆ ಜೋರು ಹಾಕಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ. ಎರಡೂ ಕಡೆ ಧಾರಾಳವಾಗಿ ಗ್ರೀಸು ಹಚ್ಚಿ. ಶಿಮಾನೋ ಹಾಲೋಟೆಕ್ ಕ್ರ್ಯಾಂಕಿನ (ಪೆಡಲ್ ಹಿಡಿಯುವ ತೋಳು) ಎಡಗಡೆಯ ಪ್ಲಾಸ್ಟಿಕ್ ಮುಚ್ಚಳವನ್ನು ಬೆರಳಲ್ಲಿ ತಿರುಗಿಸಿದಷ್ಟೇ ಬಿಗಿ ಮಾಡಬೇಕು. ಪಕ್ಕದ ಎರಡು ಬೋಲ್ಟುಗಳನ್ನು ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ 12ರಿಂದ 14 ನ್ಯೂಟನ್ ಮೀಟರಿಗೆ ತರಬೇಕು. ಟಾರ್ಕ್ ಪಾನಾ ದುಬಾರಿ ಅನ್ನಿಸಬಹುದು, ಆದರೆ ನಾನು ಖರ್ಚು ಮಾಡಿದ್ದರಲ್ಲಿ ಬಹಳ ಉಪಯೋಗಕ್ಕೆ ಬಂದ ವಸ್ತು ಅದು.

ಗೇರಿಗೆ ಶಿಮಾನೋ ಜಿಆರ್‌ಎಕ್ಸ್ 10 ಸ್ಪೀಡು, ಅಂದರೆ ಹಿಂದೆ ಹತ್ತು ಹಲ್ಲುಚಕ್ರ. 2019ರಲ್ಲಿ ಗ್ರಾವೆಲ್‌ಗೆಂದೇ ಬಂದ ಸರಣಿ ಇದು. ಮುಂದೆ 46 ಮತ್ತು 30 ಹಲ್ಲು, ಹಿಂದೆ 11ರಿಂದ 34. ಮುಂದೆ ಒಂದೇ ಹಲ್ಲುಚಕ್ರ ಇರುವ ವ್ಯವಸ್ಥೆಯಲ್ಲಿ ಕೆಸರು ಹಿಡಿಯುವ ಒಂದು ಭಾಗ ಕಮ್ಮಿ, ಅದು ನಿಜ. ಆದರೆ 40 ಹಲ್ಲಿಗೆ ಹಿಂದೆ 42 ಹಾಕಿದರೆ ಕಮ್ಮಿ ಗೇರು (ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ತಿರುಗುವ ಸುತ್ತು) 0.95 ಬರುತ್ತದೆ, ನನ್ನದರಲ್ಲಿ 0.88. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ, ಹಿಂದೆ ಬ್ಯಾಗಿದ್ದರೆ, ಆ ವ್ಯತ್ಯಾಸ ಮೊಣಕಾಲಿಗೆ ಗೊತ್ತಾಗುತ್ತದೆ. ಜೊತೆಗೆ 10 ಸ್ಪೀಡಿನ ಚೈನು ಅಗ್ಗ.

ಬ್ರೇಕು ಹೈಡ್ರಾಲಿಕ್ ಡಿಸ್ಕ್. ಶಿಮಾನೋಗೆ ಮಿನರಲ್ ಆಯಿಲ್ ಮಾತ್ರ ಹಾಕಬೇಕು. ಮೋಟಾರ್ ಬೈಕಿಗೆ ಹಾಕುವ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ. ಮಳೆಯಲ್ಲಿ ರೆಸಿನ್ ಪ್ಯಾಡು ಬಹಳ ಬೇಗ ಸವೆಯುತ್ತದೆ, ಕೆಂಪು ಮಣ್ಣಿನ ನೀರು ಅದನ್ನು ಉಪ್ಪು ಕಾಗದದ ಹಾಗೆ ಉಜ್ಜುತ್ತದೆ. ಮಳೆಗಾಲಕ್ಕೆ ನಾನು ಮೆಟಲ್ ಪ್ಯಾಡಿಗೆ ಬದಲಾಯಿಸುತ್ತೇನೆ. ಆದರೆ ಮೊದಲು ಡಿಸ್ಕಿನ ಮೇಲೆ ಬರೆದದ್ದನ್ನು ಓದಿ, ರೆಸಿನ್ ಮಾತ್ರ ಅಂತಿದ್ದರೆ ಮೆಟಲ್ ಹಾಕಬಾರದು. ಪ್ಯಾಡಿನ ಮಸಾಲೆ 0.5 ಮಿ.ಮೀ. ಉಳಿದಾಗ, ಡಿಸ್ಕು 1.5 ಮಿ.ಮೀ.ಗೆ ಇಳಿದಾಗ ಬದಲಿಸಬೇಕು. ದೇವಿಮನೆ ಇಳಿಯುವ ಮುನ್ನಾ ದಿನ ಪ್ಯಾಡು ತೆಗೆದು ಕಣ್ಣಾರೆ ನೋಡದೆ ನಾನು ಹೊರಡುವುದಿಲ್ಲ.

ಚೈನಿಗೆ ಮಳೆಗಾಲದಲ್ಲಿ ದಪ್ಪ ಎಣ್ಣೆ, ಬೇಸಿಗೆಯ ಧೂಳಿಗೆ ಮೇಣದ್ದು. ಸವೆತ ನೋಡಲು ಉಕ್ಕಿನ ಸ್ಕೇಲು ಸಾಕು. ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಹಿಡಿದರೆ ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರುತ್ತದೆ. ಅದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಅರ್ಧ ಪರ್ಸೆಂಟ್ ಉದ್ದವಾಗಿದೆ ಅಂತ ಅರ್ಥ. 10 ಸ್ಪೀಡಿಗೆ 0.75 ಪರ್ಸೆಂಟ್‌ವರೆಗೆ ಓಡಿಸಬಹುದು ಅನ್ನುತ್ತಾರೆ, ನಾನು ಅರ್ಧ ದಾಟಿದ ಕೂಡಲೇ ಹೊಸದು ತರಿಸಿಡುತ್ತೇನೆ. ಚೈನು ಉಳಿಸಲು ಹೋಗಿ ಹಿಂದಿನ ಗೇರಿನ ಹಲ್ಲು ಕಳೆದುಕೊಳ್ಳುವುದು ಬೇಡ.

ಟಯರು ಟ್ಯೂಬ್‌ಲೆಸ್. ನನ್ನ ತೂಕ 70ರ ಆಸುಪಾಸು, ಮುಂದೆ 32, ಹಿಂದೆ 36 ಪಿಎಸ್‌ಐ. ಒಳಗಿನ ಸೀಲಂಟು (ತೂತು ಮುಚ್ಚುವ ದ್ರವ) ನಮ್ಮ ಸೆಕೆಗೆ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ವಾಲ್ವಿನಿಂದ ಕಡ್ಡಿ ಹಾಕಿ ನೋಡಿ ತುಂಬುತ್ತೇನೆ. ಮಳೆಗಾಲದಲ್ಲಿ ಕಾಡಿನ ದಾರಿಯಲ್ಲಿ ಕೂತು ಪಂಚರ್ ಹಾಕುವಷ್ಟರಲ್ಲಿ ಉಂಬಳ ಸಾಕ್ಸಿನೊಳಗೆ ಸೇರಿರುತ್ತದೆ, ಹಾಗಾಗಿ ಈ ಕೆಲಸವೆಲ್ಲ ಮನೆಯಲ್ಲೇ ಆಗಬೇಕು.

ಕಾರವಾರದಲ್ಲಿರುವ ಗೆಳೆಯನಿಗೆ ಮಾತ್ರ ನಾನು ಉಕ್ಕು ಬೇಡ ಅಂದೆ. ಅಲ್ಲಿ ನೀರಿನ ಜೊತೆ ಉಪ್ಪು. ಕೋಡಿಬಾಗದಲ್ಲಿ ಸಮುದ್ರದ ಗಾಳಿಗೆ ಒಂದು ರಾತ್ರಿ ಹೊರಗಿಟ್ಟರೆ ಚೈನು ಕೆಂಪಗಾಗುತ್ತದೆ. ಅವನದು ಅಲ್ಯೂಮಿನಿಯಂ ಫ್ರೇಮು. ಆದರೆ ಅದಕ್ಕೂ ರೋಗ ಇದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿರುವ ಕಡೆ ಉಪ್ಪುನೀರು ಸೇರಿದರೆ ಬಿಳಿ ಪುಡಿ ಬರುತ್ತದೆ, ಬೋಲ್ಟು ಕಚ್ಚಿಕೊಳ್ಳುತ್ತದೆ. ಬಾಟಲಿ ಹೋಲ್ಡರಿನ ಬೋಲ್ಟೂ ಬಿಡದೆ ಎಲ್ಲವನ್ನೂ ಬಿಚ್ಚಿ, ಮೀನುಗಾರಿಕೆ ಬೋಟಿನವರು ಬಳಸುವ, ನೀರಿಗೆ ತೊಳೆದುಹೋಗದ ಗ್ರೀಸು ಹಚ್ಚಿ ಹಾಕಿದೆವು. ಆ ಗ್ರೀಸನ್ನು ಈಗ ನಾನೂ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಜಾಗ) ಕೆಳಗಿನ ಬೇರಿಂಗಿಗೆ ಬಳಸುತ್ತೇನೆ. ಮುಂದಿನ ಚಕ್ರದ ಕೆಸರೆಲ್ಲ ಹಾರುವುದು ಅಲ್ಲಿಗೇ. ಮಳೆಗಾಲದ ಮಧ್ಯೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿ ಒರೆಸುತ್ತೇನೆ.

ತೊಳೆಯಲು ಬಕೆಟ್, ಬ್ರಷ್ಷು, ಸೋಪು. ಬೈಕ್ ವಾಟರ್ ಸರ್ವಿಸ್ ಪೈಪಿನ ಜೋರು ನೀರು ಬೇಡವೇ ಬೇಡ, ಅದು ಸೀಲು ದಾಟಿ ಬೇರಿಂಗಿಗೆ ಹೋಗುತ್ತದೆ. ಜೋರು ಮಳೆಯಲ್ಲಿ ಓಡಿಸಿ ಬಂದ ದಿನ ಸೀಟ್‌ಪೋಸ್ಟು ತೆಗೆದು ಸೈಕಲ್ ತಲೆಕೆಳಗು ಮಾಡಿ ಇಡುತ್ತೇನೆ. ಮೊದಲ ಸಲ ನೋಡಿದವರಿಗೆ ಅಷ್ಟು ನೀರು ಎಲ್ಲಿತ್ತು ಅಂತ ಆಶ್ಚರ್ಯವಾಗುತ್ತದೆ. ಮತ್ತೆ ಹಾಕುವಾಗ ಪೋಸ್ಟಿಗೆ ಹೊಸ ಗ್ರೀಸು. ಕಾರ್ಬನ್ ಪೋಸ್ಟಾದರೆ ಗ್ರೀಸಿನ ಬದಲು ಅದರದ್ದೇ ಪೇಸ್ಟು ಹಚ್ಚಿ.

ಫ್ರೇಮು ಆರ್ಡರ್ ಮಾಡುವಾಗಲೇ ಇನ್ನೊಂದು ಸಾಮಾನು ತರಿಸಿಕೊಳ್ಳಿ: ಹಿಂದಿನ ಗೇರು ನೇತಾಡುವ ಹ್ಯಾಂಗರ್. ಬಿದ್ದಾಗ ಫ್ರೇಮು ಉಳಿಯಲೆಂದು ಅದು ಬೇಗ ಬಗ್ಗುವ ಹಾಗೆ ಮಾಡಿರುತ್ತಾರೆ. ಹೆಚ್ಚಿನ ಕಂಪನಿಗಳದ್ದು ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆಮೇಲೆ ಹುಡುಕಲು ಹೊರಟರೆ ವಾರಗಟ್ಟಲೆ ಕಾಯಬೇಕು. ನನ್ನ ಸೀಟಿನ ಕೆಳಗಿನ ಚೀಲದಲ್ಲಿ ಒಂದು, ಮನೆಯ ಡಬ್ಬಿಯಲ್ಲಿ ಒಂದು ಯಾವಾಗಲೂ ಇರುತ್ತದೆ.