ಮಷಿನ್‌ಗೆ ಬೆರಳು ಸಿಕ್ಕಾಗ ‘ಮನೇಲಿ ಆಯ್ತು’ ಅನ್ನಬೇಡಿ

ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಹಾಳೆ ಒತ್ತುವ ಒಂದು ಪ್ರೆಸ್ ಶಾಪ್ ಅಂದುಕೊಳ್ಳಿ. ಸೆಕೆಂಡ್ ಶಿಫ್ಟ್. ಮಷಿನ್‌ಗೆ ತೋರುಬೆರಳು ಸಿಕ್ಕಿ ಜಜ್ಜಿಹೋಯಿತು. ಸೂಪರ್‌ವೈಸರ್ ಬಟ್ಟೆ ಸುತ್ತಿ, ಆಟೊ ಹತ್ತಿಸಿ, ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದೊಯ್ಯುತ್ತಾರೆ. ದಾರಿಯಲ್ಲಿ ಮೆಲ್ಲಗೆ ಹೇಳುತ್ತಾರೆ: ‘ಮನೇಲಿ ಬಾಗಿಲಿಗೆ ಸಿಕ್ತು ಅನ್ನಪ್ಪ. ಸುಮ್ನೆ ರಗಳೆ ಬೇಡ. ಖರ್ಚೆಲ್ಲ ನಾವು ನೋಡ್ಕೋತೀವಿ.’

ನೋವಿನಲ್ಲಿ ಇರುವವರು ಹೂಂ ಅಂದುಬಿಡುತ್ತಾರೆ. ಅಲ್ಲಿಗೆ ಅರ್ಧ ಕೇಸು ಹೋಯಿತು. ಹೇಗೆ ಅಂತ ಲೆಕ್ಕ ನೋಡಿ. ತಿಂಗಳಿಗೆ 18,000 ರೂಪಾಯಿ ಸಂಬಳ, ದಿನಕ್ಕೆ ಸುಮಾರು 600. ಇಎಸ್‌ಐನಲ್ಲಿ, ಅಂದರೆ ಸಂಬಳದಿಂದ ಕಂತು ಹಿಡಿಯುವ ಕಾರ್ಮಿಕರ ರಾಜ್ಯ ವಿಮೆಯಲ್ಲಿ, ಇದು ‘ಕೆಲಸದ ಗಾಯ’ ಎಂದು ದಾಖಲಾದರೆ ಸಂಬಳದ ಶೇ 90, ಅಂದರೆ ದಿನಕ್ಕೆ 540 ರೂಪಾಯಿ. ಗಾಯ ವಾಸಿಯಾಗಿ ಕೆಲಸಕ್ಕೆ ಹೋಗುವ ತನಕವೂ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸಿಗುತ್ತದೆ. ಬರೀ ‘ಕಾಯಿಲೆ’ ಎಂದು ದಾಖಲಾದರೆ ಶೇ 70, ಅಂದರೆ 420. ಅದೂ ವರ್ಷಕ್ಕೆ 91 ದಿನ ಮಾತ್ರ. ಅದಕ್ಕೂ ಮೊದಲು ಇಷ್ಟು ದಿನ ಕಂತು ಕಟ್ಟಿರಬೇಕು ಎಂಬ ಷರತ್ತು ಬೇರೆ. ಬೆರಳಿಗೆ ಶಾಶ್ವತ ಊನವಾದರೆ ಸಿಗಬೇಕಾದ ಜೀವನಪೂರ್ತಿ ಹಣವಂತೂ ಕೈಬಿಟ್ಟಂತೆಯೇ.

ಅದಕ್ಕೇ ಡಾಕ್ಟರ್ ಕೇಳಿದಾಗ ಇದ್ದದ್ದನ್ನೇ ಹೇಳಿ: ಯಾವ ಮಷಿನ್, ಎಷ್ಟು ಗಂಟೆ, ಯಾವ ಕಾರ್ಖಾನೆ. ಚೀಟಿಯಲ್ಲಿ ಅದು ಬರೆದಿದೆಯೇ ಎಂದು ಜೊತೆಗೆ ಬಂದವರಿಂದ ಓದಿಸಿ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಆಮೇಲೆ ಕಾರ್ಖಾನೆಯ ಕಡೆಯ ಕೆಲಸ. ಅಲ್ಲೊಂದು ಅಪಘಾತ ಪುಸ್ತಕ ಇರಬೇಕು, ಇಎಸ್‌ಐ ಲೆಕ್ಕದಲ್ಲಿ ಫಾರಂ 11. ನಿಮ್ಮ ಹೆಸರಲ್ಲಿ ಯಾರು ಬೇಕಾದರೂ ಅದರಲ್ಲಿ ಬರೆಸಬಹುದು. ವಿಷಯ ತಿಳಿದ ಮೇಲೆ ತಡಮಾಡದೆ ಮಾಲೀಕರು ಫಾರಂ 12ರಲ್ಲಿ ಇಎಸ್‌ಐಗೆ ವರದಿ ಕಳಿಸಬೇಕು. ಕಳಿಸಿದರೇ ಎಂದು ಕೇಳಿ, ಪ್ರತಿ ಇಸಿದುಕೊಳ್ಳಿ. ‘ನೋಡೋಣ, ನಾಳೆ’ ಅಂದರೆ ನೀವೇ ಒಂದು ಕಾಗದದಲ್ಲಿ ನಡೆದದ್ದು ಬರೆದು ಇಎಸ್‌ಐ ಶಾಖಾ ಕಚೇರಿಗೆ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ. ಪಕ್ಕದ ಮಷಿನ್‌ನಲ್ಲಿ ಇದ್ದವರ ಹೆಸರು, ನಂಬರ್ ಬರೆದಿಟ್ಟುಕೊಳ್ಳಿ. ಆರು ತಿಂಗಳಾದ ಮೇಲೆ ಅವರು ಯಾವ ಕಂಪನಿಯಲ್ಲಿ ಇರುತ್ತಾರೋ ಯಾರಿಗೆ ಗೊತ್ತು!

ಮನೆಯಿಂದ ಕೆಲಸಕ್ಕೆ ಹೋಗುವಾಗ, ವಾಪಸ್ ಬರುವಾಗ ಆದ ಅಪಘಾತಕ್ಕೂ ಇದೇ ದಾರಿ. 2010ರ ತಿದ್ದುಪಡಿಯಿಂದ ಅದೂ ಕೆಲಸದ ಗಾಯವೇ. ಬೈಕಿನಲ್ಲಿ ಬಿದ್ದವರು ಇದನ್ನು ಕೇಳುವುದೇ ಇಲ್ಲ.

ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ, ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಜನ ಇದ್ದರೆ ಸಾಮಾನ್ಯವಾಗಿ ಇಎಸ್‌ಐ ಅನ್ವಯಿಸುತ್ತದೆ. ಪೇಸ್ಲಿಪ್‌ನಲ್ಲಿ ಶೇ 0.75 ಕಡಿತ ಕಾಣುತ್ತದೆ. ಮಾಲೀಕರ ಪಾಲು ಶೇ 3.25. ಕಾಂಟ್ರ್ಯಾಕ್ಟರ್ ಕೈಕೆಳಗೆ ಇದ್ದೀರಾ? ಕಂತು ಕಟ್ಟಿಸುವ ಹೊಣೆ ಮೂಲ ಮಾಲೀಕರದ್ದೇ.

ಚಿಕಿತ್ಸೆಗೆ ರಾಜಾಜಿನಗರ, ಇಂದಿರಾನಗರ, ಪೀಣ್ಯದ ಇಎಸ್‌ಐ ಆಸ್ಪತ್ರೆಗಳಿವೆ. ಬಡಾವಣೆಗಳಲ್ಲಿ ಡಿಸ್ಪೆನ್ಸರಿಗಳಿವೆ. ಅಲ್ಲಿ ಆಗದ್ದಕ್ಕೆ ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಆಪರೇಷನ್, ಔಷಧಿ, ಕೃತಕ ಕೈಕಾಲು ಯಾವುದಕ್ಕೂ ನೀವು ದುಡ್ಡು ಕೊಡಬೇಕಿಲ್ಲ. ಕ್ಯೂ ಉದ್ದ, ನಿಜ. ಆದರೂ ಬೇಸತ್ತು ಬಿಟ್ಟುಬರಬೇಡಿ. ನಿಮ್ಮ ದಿನಭತ್ಯೆ ನಿಂತಿರುವುದು ಇಎಸ್‌ಐ ಡಾಕ್ಟರ್ ಕೊಡುವ ರಜೆಯ ಸರ್ಟಿಫಿಕೇಟ್ ಮೇಲೆ. ನಡುವೆ ಒಂದು ವಾರ ಸರ್ಟಿಫಿಕೇಟ್ ತಪ್ಪಿದರೆ ಆ ವಾರದ ದುಡ್ಡಿಗೂ ತೊಡಕು. ರಜೆಯಲ್ಲಿದ್ದಾಗ ಬೇರೆ ಕಡೆ ಕೂಲಿಗೆ ಹೋದರೆ ಆ ದಿನಗಳ ಭತ್ಯೆ ಇಲ್ಲ. ಈ ರಜೆಯ ಅವಧಿಯಲ್ಲಿ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ.

ಗಾಯ ಮಾಯ್ದ ಮೇಲೂ ಬೆರಳಿನ ಊನ ಉಳಿದರೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಗಳಿಸುವ ಶಕ್ತಿ ಎಷ್ಟು ಕಡಿಮೆಯಾಯಿತು ಎಂದು ಅವರು ನಿರ್ಧರಿಸುತ್ತಾರೆ. ಕಾನೂನಿನ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ಶೇ 14, ಹೆಬ್ಬೆರಳಿಗೆ ಶೇ 30. ನಮ್ಮ ಲೆಕ್ಕದಲ್ಲಿ 540ರ ಶೇ 14 ಅಂದರೆ ದಿನಕ್ಕೆ 75 ರೂಪಾಯಿ 60 ಪೈಸೆ. ಚಿಕ್ಕದು ಅನ್ನಿಸಬಹುದು. ತಿಂಗಳಿಗೆ ಸುಮಾರು 2,268 ರೂಪಾಯಿ, ಬದುಕಿರುವವರೆಗೆ. ನೀವು ಮತ್ತೆ ಕೆಲಸ ಮಾಡಿ ಸಂಬಳ ತೆಗೆದುಕೊಂಡರೂ ಇದು ಬರುತ್ತಿರುತ್ತದೆ. ಬೋರ್ಡ್ ಹೇಳಿದ್ದು ಕಡಿಮೆ ಅನ್ನಿಸಿದರೆ ಮೇಲ್ಮನವಿ ಹಾಕಬಹುದು.

ಇಎಸ್‌ಐ ವ್ಯಾಪ್ತಿಗೆ ಬರದವರ ದಾರಿ ಬೇರೆ. ಅವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. ಈಗ ಅದೂ ಇಎಸ್‌ಐ ಕಾಯ್ದೆಯೂ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಲೆಕ್ಕದ ಬಗೆ ಮಾತ್ರ ಹಳೆಯದೇ. ಇಲ್ಲಿ ದುಡ್ಡು ಕೊಡುವವರು ನೇರವಾಗಿ ಮಾಲೀಕರು, ಒಂದೇ ಗಂಟಾಗಿ. ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಸಂಬಳದ ಶೇ 60ನ್ನು, ವಯಸ್ಸಿಗೆ ತಕ್ಕಂತೆ ಕಾನೂನಿನ ಪಟ್ಟಿಯಲ್ಲಿ ಕೊಟ್ಟಿರುವ ಅಂಶದಿಂದ ಗುಣಿಸುತ್ತಾರೆ. 2020ರ ಜನವರಿಯಲ್ಲಿ ನಿಗದಿಯಾದಂತೆ ಸಂಬಳ ಎಷ್ಟಿದ್ದರೂ ಲೆಕ್ಕಕ್ಕೆ 15,000 ರೂಪಾಯಿವರೆಗೆ ಮಾತ್ರ. 35 ವರ್ಷದವರ ಅಂಶ 197.06. ಅಂದರೆ 9,000 ಗುಣಿಸು 197.06, 17,73,540 ರೂಪಾಯಿ. ತೋರುಬೆರಳಿಗೆ ಅದರ ಶೇ 14, ಸುಮಾರು 2.48 ಲಕ್ಷ. ಆಸ್ಪತ್ರೆಯ ನಿಜವಾದ ಖರ್ಚು ಬೇರೆ ಕೊಡಬೇಕು. ಬಿಲ್ಲುಗಳನ್ನು ಬಿಸಾಡಬೇಡಿ.

ಈ ಗುಂಪಿನವರಿಗೇ ‘ಸೆಟ್ಲ್‌ಮೆಂಟ್’ ಕಾಗದ ಜಾಸ್ತಿ ಬರುವುದು. 30,000 ಕೈಗಿಟ್ಟು ‘ಇನ್ನೇನೂ ಬೇಡ’ ಎಂದು ಸಹಿ ಕೇಳುತ್ತಾರೆ. ಪರಿಹಾರದ ಹಕ್ಕನ್ನು ಹಾಗೆ ಬರೆಸಿಕೊಳ್ಳುವುದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಹಿ ಹಾಕಿಬಿಟ್ಟಿದ್ದರೂ ಪರಿಹಾರ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಅವಧಿ ಅಪಘಾತದ ದಿನದಿಂದ 2 ವರ್ಷ. ಕೊಡಬೇಕಾದ್ದನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಮಾಲೀಕರು ಶೇ 12ರ ಬಡ್ಡಿಯನ್ನೂ ಸೇರಿಸಿ ಕಟ್ಟಬೇಕಾಗುತ್ತದೆ.